ಐದು ಭಾಷೆಯ ಅರ್ಜಿ

ಬಡವರಿಗಾಗಿ ಆಸ್ಪತ್ರೆ ನಡೆಸುವ ಟ್ರಸ್ಟೊಂದರ ವೆಬ್‌ಸೈಟಿನಲ್ಲಿ ಉಚಿತ ಡಯಾಲಿಸಿಸ್‌ಗೆ ಅರ್ಜಿ ಹಾಕಲು ಐದು ಭಾಷೆಗಳಿದ್ದವು. ಇಂಗ್ಲಿಷಿನಲ್ಲಿ ಬರೆದ ಅರ್ಜಿಗಳು ಕಾರ್ಯದರ್ಶಿಯ ಮೇಲ್‌ಗೆ ಹೋಗುತ್ತಿದ್ದವು. ಕನ್ನಡ, ತಮಿಳು, ತೆಲುಗು, ಉರ್ದುವಿನಲ್ಲಿ ಬರೆದವು ಇನ್ನೊಂದು ಮೇಲ್‌ಗೆ ಹೋಗುತ್ತಿದ್ದವು. ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಬರೆದವರಿಗೆಲ್ಲ ಅವರವರ ಭಾಷೆಯಲ್ಲಿ ಒಂದು ಉತ್ತರ ತಾನಾಗಿ ಹೋಗುತ್ತಿತ್ತು: ನಿಮ್ಮ ಮನವಿ ನಮಗೆ ತಲುಪಿದೆ.

ಕನ್ನಡದ ಆ ಸಾಲು ಬರೆದವಳು ಶರಾವತಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮಧುಸೂದನನ ವೆಬ್‌ಸೈಟ್ ಕಂಪನಿಯಿತ್ತು. ಕಂಪನಿ ಎಂದರೆ ಮೂರು ಮೇಜು, ಗೊರಗೊರ ಎನ್ನುವ ಒಂದು ಯುಪಿಎಸ್ಸು, ಕೆಳಗಿನಿಂದ ದಿನವಿಡೀ ಏರಿ ಬರುವ ಹೊಸ ಬಟ್ಟೆಯ ವಾಸನೆ. ಕಲ್ಯಾಣ ಮಂಟಪದವರು, ನರ್ಸಿಂಗ್ ಹೋಮಿನವರು, ಹೋಂಸ್ಟೇ ನಡೆಸುವವರು ಅಲ್ಲಿಗೆ ಬರುತ್ತಿದ್ದರು. ಬಂದವರಿಗೆ ಬೇಕಾದ ಮಾತು ಬರೆದುಕೊಡುವುದು ಶರಾವತಿಯ ಕೆಲಸ. ಅವಳ ತಂದೆ ಸಂಸ್ಕೃತದ ಮೇಷ್ಟ್ರು. ಒಂದು ಮಾತು ಜಾರಿ ತಪ್ಪಾದರೆ ಕೈಯ ತುತ್ತು ಬಾಯಿಗೆ ಹೋಗುವ ಮೊದಲೇ ತಿದ್ದುವ ಮನುಷ್ಯ. ಅಂಥ ಮನೆಯಿಂದ ಬಂದವಳ ಕನ್ನಡದ ಮೇಲೆ ಮಧುಸೂದನನಿಗೆ ನಂಬಿಕೆಯಿತ್ತು. ಗಿರಾಕಿಗಳ ಎದುರು ಅದನ್ನು ತನ್ನ ಅಂಗಡಿಯ ಸಾಮಾನಿನಂತೆ ಎತ್ತಿ ತೋರಿಸುತ್ತಿದ್ದ.

ಟ್ರಸ್ಟಿನ ಅರ್ಜಿಯನ್ನು ಶರಾವತಿ ಆಸೆಪಟ್ಟು ಮಾಡಿದಳು. ಆಸ್ಪತ್ರೆಯ ಕಾಗದ ಎಂದರೆ ಜನ ಹೆದರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅರ್ಜಿದಾರರ ವಿವರ ಎಂದು ಬರೆಯಲಿಲ್ಲ, ‘ಯಾರಿಗೆ ಹುಷಾರಿಲ್ಲ?’ ಎಂದು ಕೇಳಿದಳು. ಕಾಯಿಲೆಯ ಸ್ವರೂಪ ಎಂದು ಬರೆಯಲಿಲ್ಲ, ‘ಏನು ತೊಂದರೆ ಆಗುತ್ತಿದೆ? ಸಂಕೋಚ ಬೇಡ, ನಿಮ್ಮ ಮಾತಿನಲ್ಲೇ ಬರೆಯಿರಿ, ನಾವು ಓದುತ್ತೇವೆ’ ಎಂದಳು. ಮಿಕ್ಕ ಮೂರು ಭಾಷೆಗೆ ಅನುವಾದಿಸುವವರಿಗೂ ಇದನ್ನೇ ಕೊಟ್ಟು, ಹೀಗೇ ಮೆತ್ತಗೆ ಬರಬೇಕು ಎಂದು ಹೇಳಿ ಮಾಡಿಸಿದಳು. ಮೆತ್ತಗೇ ಬಂತು. ಗಾಳಕ್ಕೆ ಸಿಕ್ಕಿಸುವ ಎರೆಯೂ ಮೆತ್ತಗೇ ಇರುತ್ತದೆ.

ಕೆಲಸ ಒಪ್ಪಿಸುವ ದಿನ ಟ್ರಸ್ಟಿನ ಕಾರ್ಯದರ್ಶಿ ಷಡಕ್ಷರಪ್ಪನವರೇ ಮಹಡಿ ಹತ್ತಿ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಯಾರನ್ನೂ ಏಕವಚನದಲ್ಲಿ ಕರೆಯದ ನಾಲಿಗೆ. ಐದೂ ಬಟನ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ ಸಂತೋಷಪಟ್ಟರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

“ಮಧು ಅವರೆ, ಇಂಗ್ಲಿಷ್ ಒಂದು ನನ್ನ ಮೇಲ್‌ಗೆ ಬರ್ಲಿ. ಬೇರೆದೆಲ್ಲ ಬೇರೆ ಕಡೆ ಬಿಟ್ಬಿಡಿ.”

“ಬೇರೆ ಕಡೆ ಅಂದ್ರೆ ಸರ್, ಯಾರ ಮೇಲ್‌ಗೆ?”

“ಯಾರದ್ದೂ ಬೇಡ. ಒಂದು ಹೊಸದು ಮಾಡಿಬಿಡಿ, ಬಿದ್ದಿರ್ಲಿ. ಭಾಷೆ ಬೇಕು ಅಂದಿದ್ದು ದುಡ್ಡು ಕೊಡೋರು. ಸ್ಥಳೀಯ ಭಾಷೇಲಿ ಇರ್ಬೇಕು ಅಂತ ಷರತ್ತು ಹಾಕಿದಾರೆ. ಅವರು ಬಟನ್ ನೋಡ್ತಾರೆ. ಬಟನ್ ಇದೆಯಲ್ಲ.”

ಶರಾವತಿ ತಲೆ ಎತ್ತಿ ನೋಡಿದಳು. ಅದು ಷಡಕ್ಷರಪ್ಪನವರ ಕಣ್ಣಿಗೆ ಬಿತ್ತು. ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು.

“ನೋಡಿ ಅಮ್ಮ, ಇರೋದು ಕೈಬೆರಳೆಣಿಕೆ ಬೆಡ್ಡು. ಬರೋರು ಊರಿಗೂರೇ ಇದಾರೆ. ಜರಡಿ ಹಿಡೀಲೇಬೇಕು. ಇಂಗ್ಲಿಷಲ್ಲಿ ಬರೆಯೋರ ಮನೇಲಿ ಓದಿದೋರು ಒಬ್ರಾದ್ರೂ ಇರ್ತಾರೆ. ಹೇಳಿದ್ ಟೈಮಿಗೆ ಬರ್ತಾರೆ, ಹೇಳಿದಷ್ಟೇ ನೀರು ಕುಡೀತಾರೆ, ಕೈ ತೊಳ್ಕೊಂಡು ಬರ್ತಾರೆ. ಮಿಕ್ಕೋರು ಕೊನೇ ಗಳಿಗೇಲಿ ಹೊತ್ಕೊಂಡು ಬಂದು ನಮ್ಮ ಬೆಡ್ ಮೇಲೇ ಪ್ರಾಣ ಬಿಡ್ತಾರೆ. ಸತ್ತೋರ ಲೆಕ್ಕ ರಿಪೋರ್ಟಲ್ಲಿ ಹೋಗುತ್ತಲ್ವಾ? ಇದಕ್ಕಿಂತ ಸುಲಭದ ಜರಡಿ ಯಾವುದಿದೆ ಹೇಳಿ? ಯಾರಿಗೂ ‘ಇಲ್ಲ’ ಅನ್ನೋ ಹಾಗಿಲ್ಲ, ಯಾರ ಮನಸ್ಸೂ ನೋಯೋ ಹಾಗಿಲ್ಲ.”

“ಹಾಗಾದ್ರೆ ‘ನಾವು ಓದುತ್ತೇವೆ’ ಅನ್ನೋ ಸಾಲು ತೆಗೀಲಾ ಸರ್?”

“ಅಯ್ಯೋ, ಯಾಕಮ್ಮ? ಎಷ್ಟು ಚೆನ್ನಾಗಿದೆ! ಇರ್ಲಿ ಬಿಡಿ.”

ಹೊಸ ಮೇಲ್ ವಿಳಾಸ ಮಾಡಿದವಳು ಶರಾವತಿಯೇ. ನಾಲ್ಕು ಭಾಷೆಗೂ ಅದನ್ನೇ ಜೋಡಿಸಿದವಳೂ ಅವಳೇ. ಷಡಕ್ಷರಪ್ಪ ಮೆಟ್ಟಿಲಿಳಿದ ಮೇಲೆ ಮಧುಸೂದನನ ಮುಖ ನೋಡಿದಳು. ಅವನು, “ನಮ್ಮ ಕೆಲಸ ಪೈಪ್ ಹಾಕೋದು ಮಾರಾಯ್ತಿ. ನೀರು ಎಲ್ಲಿಗೆ ಬಿಡ್ತಾರೆ ಅನ್ನೋದು ಅವರಿಗೆ ಬಿಟ್ಟಿದ್ದು,” ಅಂದ. ಅವಳು ಮನೆಗೆ ಹೋಗಿ, ಉಂಡು, ಮಲಗಿದಳು. ನಿದ್ದೆಯೂ ಬಂತು.

*

ಭದ್ರಾವತಿಯ ಜನ್ನಾಪುರದಿಂದ ರಶ್ಮಿ ಎಂಬ ಹೆಣ್ಣುಮಗಳು ಕಂಪನಿಯ ಬಾಗಿಲಿಗೆ ಬಂದಾಗ ವರ್ಷವೇ ಉರುಳಿತ್ತು. ಸೊಸೈಟಿಯೊಂದರಲ್ಲಿ ಗುಮಾಸ್ತೆ. ಅರ್ಧ ದಿನ ರಜೆ ಹಾಕಿ ಬಸ್ಸಿನಲ್ಲಿ ಬಂದಿದ್ದಳು. ಚಪ್ಪಲಿ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಿಡದೆ ಒಳಗೆ ಬಂದಳು.

“ಟ್ರಸ್ಟಿನ ವೆಬ್‌ಸೈಟ್ ಮಾಡಿದ್ದು ನೀವೇ ತಾನೆ? ಅವರ ಗೇಟಲ್ಲಿ ನನ್ನ ಒಳಗೇ ಬಿಡ್ಲಿಲ್ಲ. ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ನಿಮ್ಮ ಹೆಸರು, ವಿಳಾಸ ಇತ್ತು. ಬಂದೆ.”

“ಕೂತ್ಕೊಳಿ ಮೇಡಂ,” ಅಂದ ಮಧುಸೂದನ.

“ಕೂರಕ್ಕೆ ಬಂದಿಲ್ಲ.”

ಅವಳ ಮಾವ ಜಂಬಣ್ಣನವರ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು ಎಂದಿದ್ದರು ಡಾಕ್ಟರು. ಅವಳ ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ಇಬ್ಬರ ದುಡಿಮೆಯಲ್ಲಿ ವಾರಕ್ಕೆ ಒಂದು ಸಲ ಮಾಡಿಸುವುದೇ ಎಳೆದಾಟವಾಗಿತ್ತು. ಹಾಗಾಗಿ ಟ್ರಸ್ಟಿಗೆ ಅರ್ಜಿ.

“ಮೂರು ಸಲ ಹಾಕಿದೀನಿ. ಮೂರು ಸಲಾನೂ ತಲುಪಿದೆ, ತಲುಪಿದೆ, ತಲುಪಿದೆ. ಎಲ್ಲಿಗೆ ತಲುಪ್ತು?”

“ಕನ್ನಡದಲ್ಲಿ ಹಾಕಿದ್ರಾ?” ಮಧುಸೂದನನ ಬಾಯಿಂದ ಜಾರಿತು.

ರಶ್ಮಿ ನಕ್ಕಳು. ಬಲೆ ಹಾಕಿ ಕಾದು ಕೂತವರು, ಮೀನು ತಾನಾಗಿ ಬಿದ್ದಾಗ ನಗುವ ನಗು.

“ನೋಡಿ, ನಿಮಗೇ ಗೊತ್ತಿದೆ. ನಾನು ಬಿ.ಕಾಂ. ಓದಿದೀನಿ. ಮೊದಲು ಇಂಗ್ಲಿಷಲ್ಲೇ ಶುರು ಮಾಡಿದ್ದೆ. ನಮ್ಮ ಮಾವ ಪಕ್ಕದಲ್ಲಿ ಕೂತಿದ್ರು. ‘ಅಲ್ಲಮ್ಮಾ, ಕನ್ನಡ ಅಂತ ಬಟನ್ ಇಟ್ಟಿದಾರಲ್ಲ, ನಾವೇ ಒತ್ತದೆ ಹೋದ್ರೆ ಯಾರೂ ಒತ್ತಲ್ಲ ಅಂತ ನಾಳೆ ತೆಗೆದುಬಿಡ್ತಾರೆ. ಅಳಿಸು, ಕನ್ನಡದಲ್ಲಿ ಬರಿ’ ಅಂದ್ರು. ಫ್ಯಾಕ್ಟರಿ ಕಾಲೋನೀಲಿ ಕನ್ನಡ ಸಂಘದ ಕಾರ್ಯದರ್ಶಿ ಆಗಿದ್ದೋರು ಅವರು. ಅಳಿಸಿ ಕನ್ನಡದಲ್ಲಿ ಬರೆದೆ. ಮೊನ್ನೆ ಏನಾಯ್ತೋ, ತಲೆ ಕೆಡ್ತು. ಶ್ರೇಯಸ್ ಅಂತ ಇಲ್ಲದೇ ಇರೋ ಒಬ್ಬನ್ನ ಹುಟ್ಟಿಸಿ ಇಂಗ್ಲಿಷಲ್ಲಿ ಅರ್ಜಿ ಹಾಕಿದೆ. ಒಲೆ ಮೇಲಿಟ್ಟ ಹಾಲು ಉಕ್ಕೋದ್ರೊಳಗೆ ಫೋನ್ ಬಂತು. ‘ಮೇ ಐ ಸ್ಪೀಕ್ ಟು ಮಿಸ್ಟರ್ ಶ್ರೇಯಸ್?’ ಅಂತ. ಹುಟ್ಟದೇ ಇರೋನಿಗೆ ಬೆಡ್ಡಿದೆ. ನಮ್ಮ ಮಾವ ಇನ್ನೂ ಬದುಕಿದಾರೆ, ಅವರಿಗಿಲ್ಲ.”

“ಟೆಕ್ನಿಕಲ್ ತೊಂದರೆ ಇರ್ಬೇಕು ಮೇಡಂ...”

ರಶ್ಮಿ ಅವನನ್ನು ಬಿಟ್ಟು ಶರಾವತಿಯ ಕಡೆ ತಿರುಗಿದಳು. “ಹೌದೇನಕ್ಕ? ತೊಂದರೇನಾ?”

ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಬೆನ್ನ ಹಿಂದೆ ಮಧುಸೂದನನ ಕುರ್ಚಿ ಕಿರ್ ಅಂತು.

“ಹೌದು,” ಅಂದಳು ಶರಾವತಿ. “ಸರ್ವರ್ ತೊಂದರೆ.”

“ಸರಿ,” ಅಂದಳು ರಶ್ಮಿ. “ಇದನ್ನ ನಿಮ್ಮ ಬಾಯಿಂದ ಕೇಳ್ಬೇಕಿತ್ತು. ಕೇಳಿದೆ.” ಕೈಯಲ್ಲಿದ್ದ ಫೋನು ತೋರಿಸಿದಳು. ಬಂದಾಗಿನಿಂದ ಎಲ್ಲವೂ ಅದರಲ್ಲಿ ರೆಕಾರ್ಡ್ ಆಗಿತ್ತು.

ಅವಳು ಹೋದ ಮೇಲೆ ಶರಾವತಿ ಆ ಮೇಲ್ ಡಬ್ಬಿ ತೆರೆದಳು. ಪಾಸ್‌ವರ್ಡ್ ಇದ್ದದ್ದು ಅವಳ ಬಳಿ ಮಾತ್ರ. ತಮಿಳು, ತೆಲುಗು, ಉರ್ದು ಅವಳಿಗೆ ಬಾರದು. ಒತ್ತಾಗಿ ನಿಂತ ಆ ಅಕ್ಷರಗಳನ್ನು ದಾಟಿ ಕನ್ನಡಕ್ಕೆ ಬಂದಳು. ‘ಸಂಕೋಚ ಬೇಡ’ ಎಂದಿದ್ದಳಲ್ಲ, ಜನ ಸಂಕೋಚ ಬಿಟ್ಟು ಬರೆದಿದ್ದರು. ಕಾಲು ಊದಿ ಚಪ್ಪಲಿ ಹಿಡಿಯುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾರೆ. ಆಯನೂರಿನಿಂದ ಕರಿಯಪ್ಪ ಎಂಬವನು ತನ್ನ ತಾಯಿಗಾಗಿ ಬರೆದದ್ದು ಒಂದಿತ್ತು. ಅದರ ಕೆಳಗೆ ಸ್ವಲ್ಪ ದಿನ ಬಿಟ್ಟು ಅವನದೇ ಇನ್ನೊಂದು. ‘ಸ್ವಾಮಿ, ಈ ಹಿಂದೆ ಬರೆದಿದ್ದೆ. ನಮ್ಮ ತಾಯಿಯವರು ತೀರಿಕೊಂಡರು. ಅವರ ಸರದಿ ಹಿಡಿದಿಟ್ಟಿದ್ದರೆ ದಯವಿಟ್ಟು ಬೇರೆ ಯಾರಿಗಾದರೂ ಕೊಡಿ, ಹಾಳಾಗಬಾರದು.’

ಅದಕ್ಕೂ ಉತ್ತರ ಹೋಗಿತ್ತು. ನಿಮ್ಮ ಮನವಿ ನಮಗೆ ತಲುಪಿದೆ.

*

ರಶ್ಮಿಯ ರೆಕಾರ್ಡಿಂಗು ಭದ್ರಾವತಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಿತು. ಹೊಳೆ ದಾಟಿ ಹಳೇನಗರಕ್ಕೆ ಹೋಯಿತು, ಶಿವಮೊಗ್ಗಕ್ಕೆ ಬಂತು. ‘ಸರ್ವರ್ ತೊಂದರೆ’ ಅನ್ನುವ ಶರಾವತಿಯ ದನಿಯನ್ನು ಅವಳ ಚಿಕ್ಕಮ್ಮನೇ ಅವಳಿಗೆ ಫಾರ್ವರ್ಡ್ ಮಾಡಿ, ‘ಇದು ನೀನೇನೇ?’ ಎಂದು ಕೇಳಿದಳು. ಕನ್ನಡ ಸಂಘಟನೆಯ ಹುಡುಗರು ಟ್ರಸ್ಟಿನ ಗೇಟಿಗೆ ಬೀಗ ಜಡಿಯುತ್ತೇವೆ ಎಂದು ಪ್ರಕಟಣೆ ಕೊಟ್ಟರು. ಟ್ರಸ್ಟು ಅರ್ಜಿಯ ಪುಟ ಮುಚ್ಚಿ ‘ನಿರ್ವಹಣೆಯಲ್ಲಿದೆ’ ಎಂದು ಹಾಕಿತು.

ಷಡಕ್ಷರಪ್ಪ ಮತ್ತೆ ಮಹಡಿ ಹತ್ತಿ ಬಂದರು. ಅಂಗಿಯ ಇಸ್ತ್ರಿ ಈಗಲೂ ಮುರಿದಿರಲಿಲ್ಲ.

“ಆ ಯಜಮಾನರು ಬದುಕಿದಾರಂತಲ್ಲ?” ಅಂದರು.

“ಇದಾರೆ ಸರ್,” ಅಂದ ಮಧುಸೂದನ.

“ಒಳ್ಳೇದಾಯ್ತು. ಒಂದು ಬೆಡ್ಡು ಖಾಲಿ ಆಗಿದೆ. ಅವರಿಗೇ ಕೊಡೋಣ. ಇರೋವರೆಗೂ ಉಚಿತ. ಕರೆದುಕೊಂಡು ಹೋಗೋಕೆ ಗಾಡಿನೂ ಕಳಿಸೋಣ. ಅವರೇ ಬಾಯ್ತುಂಬ ಒಂದು ಮಾತು ಹೇಳ್ಲಿ. ಕನ್ನಡದಲ್ಲಿ ಬರೆದೆ, ಕರೆದ್ರು ಅಂತ. ಕನ್ನಡ ಸಂಘ ಕಟ್ಟಿದ ಮನುಷ್ಯ. ಅವರು ಹೇಳಿದ್ಮೇಲೆ ಈ ಹುಡುಗರು ಬೀಗ ಎಲ್ಲಿಗೆ ಹಾಕ್ತಾರೆ?” ಶರಾವತಿಯ ಕಡೆ ನೋಡಿ ದನಿ ಇಳಿಸಿದರು. “ನೀವೇ ಬರೆದುಕೊಡಿ ಅಮ್ಮ. ಎದೆಗೆ ತಟ್ಟೋ ಹಾಗೆ ಬರಿಯೋದು ನಿಮಗೆ ಕೈಬಂದಿದೆ.”

“ಪುಟ ಮತ್ತೆ ತೆರೆದ ಮೇಲೆ... ಆ ಅರ್ಜಿಗಳನ್ನ ಯಾರು ಓದ್ತಾರೆ ಸರ್?”

“ಮೊದ್ಲು ಇದು ಆಗ್ಲಿ.”

ಅವಳು ಬರೆದಳು. ಆ ಮನುಷ್ಯನಿಗೆ ಬೆಡ್ಡು ಸಿಗುತ್ತದಲ್ಲ, ಅಷ್ಟಾದರೂ ಆಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಬರೆದಳು. ‘ನಾನು ಕನ್ನಡದಲ್ಲಿ ಅರ್ಜಿ ಬರೆದೆ. ಮರುದಿನವೇ ಕರೆ ಬಂತು. ನನ್ನ ಭಾಷೆ ನನ್ನ ಜೀವ ಉಳಿಸಿತು. ನೀವೂ ನಿಮ್ಮ ಭಾಷೆಯಲ್ಲೇ ಬರೆಯಿರಿ.’ ಮಧುಸೂದನ ಓದಿ ತಲೆದೂಗಿದ. “ಮೈ ಝುಂ ಅಂತು ಮಾರಾಯ್ತಿ.”

*

ಜನ್ನಾಪುರದ ಬಸ್ ಓಡಾಡುವ ರಸ್ತೆಗೆ ಮುಖ ಮಾಡಿದ ಮನೆ. ಮುಂದಿನ ಕೋಣೆಯಲ್ಲಿ ಜಂಬಣ್ಣನವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಬಿಳಿ ಅಂಗಿ ಮೈಗೆ ದೊಡ್ಡದಾಗಿತ್ತು, ಪಾದಗಳು ಮಾತ್ರ ಉಬ್ಬಿ ಚಾಪೆಯ ಮೇಲೆ ಬೇರೆಯವರ ಪಾದಗಳಂತೆ ಕೂತಿದ್ದವು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯ ನರ ಹಗ್ಗದಂತೆ ಎದ್ದಿತ್ತು. ಅವರ ಹೆಂಡತಿ ವೀರಮ್ಮ ಹಣೆಗೆ ವಿಭೂತಿ ಹಚ್ಚಿ, ಬಾಯಿ ಒಣಗಿದರೆ ತುಟಿ ಒದ್ದೆ ಮಾಡಲು ಒಂದು ಸಣ್ಣ ಲೋಟದಲ್ಲಿ ನೀರು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅದಕ್ಕಿಂತ ಹೆಚ್ಚು ಕುಡಿಯುವ ಹಾಗಿರಲಿಲ್ಲ.

ರಶ್ಮಿ ಗೋಡೆಗೆ ಒರಗಿ ನಿಂತಿದ್ದಳು. ಶರಾವತಿಯನ್ನು ಕಂಡು, “ಸರ್ವರ್ ಸರಿ ಹೋಯ್ತಾ ಅಕ್ಕ?” ಅಂದಳು. ಶರಾವತಿ ಬಗ್ಗಿ ಮೈಕಿನ ವೈರು ಬಿಡಿಸತೊಡಗಿದಳು.

“ಸುಮ್ನಿರೇ ರಶ್ಮಿ,” ಅಂದರು ವೀರಮ್ಮ. “ಮನೆ ಬಾಗ್ಲಿಗೆ ಬಂದಿದಾರೆ. ಜೀವ ಉಳ್ಸಕ್ಕೆ ಬಂದಿದಾರೆ.” ಮಧುಸೂದನನಿಗೆ ಕೈ ಮುಗಿದರು. “ಏನು ಹೇಳ್ಬೇಕೋ ಹೇಳಪ್ಪ, ಹೇಳ್ತಾರೆ. ಭಾಷಣ ಮಾಡೋದ್ರಲ್ಲಿ ಇವರು ಯಾವತ್ತೂ ಹಿಂದೆ ಬಿದ್ದೋರಲ್ಲ.”

ಮಧುಸೂದನ ಚೀಲದಿಂದ ಹಳದಿ ಕೆಂಪು ಶಾಲು ತೆಗೆದು ಜಂಬಣ್ಣನವರ ಹೆಗಲಿಗೆ ಹಾಕಿದ. ಅವರು ಅದರ ಅಂಚು ಬೆರಳಿನಿಂದ ಸವರಿ, “ಪಾಲಿಯೆಸ್ಟರು,” ಅಂದರು. “ನಾವು ಸಂಘದಲ್ಲಿ ಹತ್ತಿ ಬಟ್ಟೇನೇ ತರಿಸ್ತಿದ್ವಿ.” ಆಮೇಲೆ ಬರೆದ ಹಾಳೆ ಈಸಿಕೊಂಡು ಓದಿದರು. ಎರಡನೇ ಸಾಲಿಗೆ ಬಂದಾಗ ಕಣ್ಣು ನಿಂತಿತು. ಸೊಸೆಯ ಕಡೆ ನೋಡಿದರು. ಸೊಸೆ ಮುಖ ತಿರುಗಿಸಿಕೊಂಡಳು. ಹೆಂಡತಿಯ ಕೈಯ ಲೋಟ ನೋಡಿದರು.

“ಎಷ್ಟು ದಿನದಿಂದ ಒಂದು ಲೋಟ ನೀರು ಗಟಗಟ ಅಂತ ಕುಡಿದಿಲ್ಲ ಗೊತ್ತೇನಪ್ಪ,” ಅಂದರು. “ಆಗ್ಲಿ. ಹೇಳ್ತೀನಿ.”

ಹೇಳಿದರು. ಏನು ಹೇಳಿದರು! ಬೆನ್ನು ತಾನಾಗಿ ನೆಟ್ಟಗಾಯಿತು. ಒಡೆದ ದನಿಯ ಅಡಿಯಿಂದ, ಎಂದೋ ಕಾಲೋನಿಯ ಮೈದಾನದಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರೆಗೂ ಮುಟ್ಟುತ್ತಿದ್ದ ಇನ್ನೊಂದು ದನಿ ಎದ್ದು ಬಂತು. ‘ನನ್ನ ಭಾಷೆ ನನ್ನ ಜೀವ ಉಳಿಸಿತು’ ಎಂದಾಗ ವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಳ್ಳು ಅಷ್ಟು ಚೆನ್ನಾಗಿ ಬಂದದ್ದನ್ನು ಶರಾವತಿ ಎಂದೂ ಕೇಳಿರಲಿಲ್ಲ. ಅವಳ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಮುಗಿಯಿತು, ಈ ಮನುಷ್ಯ ಬದುಕುತ್ತಾನೆ, ನಾನೂ ಇನ್ನು ಮೇಲೆ ಇವನ ಸೊಸೆಯ ಮುಖ ನೋಡಬಹುದು ಅಂದುಕೊಂಡಳು.

“ಹೆಂಗಿತ್ತು?” ಜಂಬಣ್ಣನವರು ಏದುಸಿರಿನಲ್ಲೇ ಕೇಳಿದರು. ಹೊಗಳಿಕೆ ಬೇಕಿತ್ತು ಅವರಿಗೆ.

“ಸೂಪರ್ ಯಜಮಾನ್ರೆ!” ಅಂದ ಮಧುಸೂದನ.

ಶರಾವತಿ ಹೆಡ್‌ಫೋನ್ ಕಿವಿಗಿಟ್ಟು ಮತ್ತೆ ಕೇಳಿಸಿಕೊಂಡಳು. ‘ಮರುದಿನವೇ’ ಎಂಬಲ್ಲಿ ಹೊರಗೆ ಬಸ್ಸೊಂದು ಹಾರ್ನು ಬಾರಿಸಿಕೊಂಡು ತಿರುಗಿತ್ತು. ಆ ಸಾಲಿನ ಉಳಿದ ಮಾತು ಅದರಲ್ಲಿ ಮುಳುಗಿಹೋಗಿತ್ತು.

“ಸರ್, ಹಾರ್ನ್ ಬಂದಿದೆ.”

“ಥೂ. ಪರವಾಗಿಲ್ಲ, ಇನ್ನೊಂದು ಟೇಕ್. ಸ್ವಲ್ಪ ಸುಧಾರಿಸ್ಕೊಳ್ಳಿ ಯಜಮಾನ್ರೆ. ಕಿಟಕಿ ಹಾಕಮ್ಮ ಶರಾವತಿ.”

ಕಿಟಕಿ ಹಾಕಲು ಹೋದವಳಿಗೆ ಹೊಸಿಲ ಹೊರಗೆ ಒಬ್ಬ ಹೆಂಗಸು ನಿಂತಿರುವುದು ಕಂಡಿತು. ಕೈಯಲ್ಲಿ ಸ್ಕ್ಯಾನಿಂಗ್ ಕವರು. ಯಾವಾಗಿನಿಂದ ನಿಂತಿದ್ದಳೋ.

“ಯಾರದು, ಸೆಲ್ವಿನಾ?” ಜಂಬಣ್ಣನವರು ಕುರ್ಚಿಯಿಂದಲೇ ಕೇಳಿದರು. “ಒಳಗೆ ಬಾರಮ್ಮ. ಮುರುಗೇಶ ಹೆಂಗಿದಾನೆ?”

“ಮಲ್ಗವ್ರೆ ಅಣ್ಣಾ. ಏಳಕ್ಕಾಗ್ತಿಲ್ಲ.”

ಸೆಲ್ವಿಯ ಗಂಡ ಮುರುಗೇಶ ಹಿಂದಿನ ಬೀದಿಯವನು, ಜಂಬಣ್ಣನವರ ಜೊತೆಗೇ ಕಾರ್ಖಾನೆಯಲ್ಲಿ ದುಡಿದವನು. ಒಂದು ಕಾಲದಲ್ಲಿ ಕ್ಯಾಂಟೀನಿನ ಬೋರ್ಡಿನ ಮೇಲಿದ್ದ ತಮಿಳು ಅಕ್ಷರಗಳಿಗೆ ಜಂಬಣ್ಣ ಟಾರು ಬಳಿದಿದ್ದರು. ಅದನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದವನು ಮುರುಗೇಶ. ಕಾಲರ್ ಹಿಡಿದು ಹೊಡೆದಾಡಿದ್ದರು. ಆಮೇಲೆ ಮಾತಿಲ್ಲ ಕತೆಯಿಲ್ಲ. ಇಬ್ಬರ ಕಿಡ್ನಿಯೂ ಕೈಕೊಟ್ಟ ಮೇಲೆ ಶಿವಮೊಗ್ಗದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರಬೇಕಾಗಿ ಬಂದು, ನೀರು ಎಷ್ಟು ಕುಡಿದೆ ಎಂಬಲ್ಲಿಂದ ಮತ್ತೆ ಮಾತು ಶುರುವಾಗಿತ್ತು.

ಸೆಲ್ವಿ ಒಳಗೆ ಬರಲಿಲ್ಲ. ಹೊಸಿಲಾಚೆಯಿಂದಲೇ ಶರಾವತಿಯನ್ನು ಕೇಳಿದಳು.

“ಅಕ್ಕಾ, ನಾವೂ ಹಾಕಿದ್ವಿ ಅರ್ಜಿ. ತಮಿಳಲ್ಲಿ ಹಾಕಿದ್ವಿ. ನಮ್ಗೂ ಬಂದೈತೆ, ತಲುಪಿದೆ ಅಂತ. ನಮ್ಮನೆಯವ್ರು ಹೇಳಿ ಕಳ್ಸಿದ್ರು. ಜಂಬಣ್ಣ ಏನು ಹೇಳ್ತಾರೋ ನಾನೂ ಅದ್ನೇ ಹೇಳ್ತೀನಿ, ಕೇಳ್ಕಂಡು ಬಾ ಅಂತ. ಕನ್ನಡದಲ್ಲೇ ಹೇಳ್ತಾರಂತೆ. ಎಬ್ಸಿ ಕೂರ್ಸಿದ್ರೆ ಹೇಳ್ತಾರೆ ಅಕ್ಕಾ.”

ಮಧುಸೂದನ ಕ್ಯಾಮೆರಾ ಸ್ಟ್ಯಾಂಡು ಸರಿಮಾಡುತ್ತಲೇ ಹೇಳಿದ. ಅವನ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಮುಗಿದಿದೆ ಅನ್ನುವವನ ದನಿ.

“ಒಂದೇ ಬೆಡ್ಡು ಇರೋದಮ್ಮ. ಮತ್ತೆ ನಮಗೆ ಕನ್ನಡದ್ದು ಒಂದು ವಿಡಿಯೋ ಸಾಕು. ತಮಿಳಿನೋರು ಯಾರೂ ಗಲಾಟೆ ಮಾಡಿಲ್ವಲ್ಲ.”

ಸೆಲ್ವಿ ಅರ್ಥವಾದಂತೆ ತಲೆಯಾಡಿಸಿದಳು. “ಮಾಡ್ಬೇಕಿತ್ತಾ?” ಅಂದಳು. ಕೊಂಕಾಗಿ ಅಲ್ಲ, ತಿಳಿಯದೆ ಕೇಳಿದಂತೆ. ಹೋಗಲಿಲ್ಲ ಅವಳು, ಕವರು ಎದೆಗವಚಿಕೊಂಡು ಅಲ್ಲೇ ನಿಂತಳು.

“ರೆಡಿನಾ ಯಜಮಾನ್ರೆ? ಮೊದಲಿನ ಹಾಗೇ ಹೇಳಿ.”

ಜಂಬಣ್ಣನವರು ಹಾಳೆಯನ್ನು ಮತ್ತೆ ನೋಡುತ್ತಿದ್ದರು. “ಇದು ಹಾಕಿದ್ರೆ ಎಷ್ಟು ಜನ ನೋಡ್ತಾರಪ್ಪ?”

“ಜಿಲ್ಲೆಗೇ ಹರಡ್ತೀವಿ. ಸಾವಿರಾರು ಜನ ನೋಡ್ತಾರೆ.”

“ನೋಡಿ?”

“ನೋಡಿ ಏನು? ಖುಷಿ ಪಡ್ತಾರೆ.”

“ನೋಡಿ ಕನ್ನಡದ ಬಟನ್ ಒತ್ತುತಾರೆ,” ಅಂದರು ಜಂಬಣ್ಣ. “ನನ್ನ ಮುಖ ನೋಡಿ ಒತ್ತುತಾರೆ. ಜಂಬಣ್ಣನಿಗೇ ಮರುದಿನ ಕರೆದ್ರಂತೆ ಅಂತ.” ಹಾಳೆಯಿಂದ ತಲೆಯೆತ್ತಿ ಶರಾವತಿಯನ್ನು ನೋಡಿದರು. “ಇದನ್ನ ಬರೆದಿದ್ದು ನೀನಾ ತಾಯಿ?”

“ಹೌದು.”

“ಚೆನ್ನಾಗಿ ಬರೆದಿದೀಯ. ನಂಬೋ ಹಾಗೆ ಬರೆದಿದೀಯ. ಈ ವಿಡಿಯೋ ನೋಡಿ ಒತ್ತೋರದನ್ನ ಇನ್ಮೇಲೆ ಓದ್ತಾರಾ?”

“ಖಂಡಿತ ಓದ್ತಾರೆ,” ಅಂದ ಮಧುಸೂದನ.

“ಆಯಮ್ಮನ್ನ ಕೇಳಿದ್ದು.”

ರಶ್ಮಿ ಗೋಡೆ ಬಿಟ್ಟು ಮುಂದೆ ಬಂದಿದ್ದಳು. ಈ ಸಲ ಅವಳ ಕಣ್ಣಲ್ಲಿ ಕೊಂಕಿರಲಿಲ್ಲ. ಹೌದು ಅನ್ನು, ದಮ್ಮಯ್ಯ, ಇನ್ನೊಂದು ಸಲ ಸುಳ್ಳು ಹೇಳು ಎಂದು ಬೇಡುತ್ತಿತ್ತು ಆ ನೋಟ. ಹೌದು ಅಂದರೆ ಈ ಮನುಷ್ಯ ಬದುಕುತ್ತಾನೆ. ಮೊದಲ ಸಲ ಹೇಳಿದ ಸುಳ್ಳಿಗೆ ಇಂಥ ಬೆಲೆಯಿರಲಿಲ್ಲ. ಶರಾವತಿಯ ನಾಲಿಗೆ ಎಂದೂ ಇಷ್ಟು ಹಿತವಾದ ಸುಳ್ಳಿನ ಹತ್ತಿರ ನಿಂತಿರಲಿಲ್ಲ.

“ಇಲ್ಲ,” ಅಂದಳು. “ಓದಲ್ಲ.”

“ಲೇ ಶರಾವತಿ!”

“ಓದಲ್ಲ. ಅದಕ್ಕೆ ಅವರು ಜನಾನೇ ಇಟ್ಟಿಲ್ಲ.” ಹೇಳಿದ ಮರುಕ್ಷಣವೇ ತಾನು ಮಾಡಿದ್ದೇನು ಎಂದು ಅವಳಿಗೆ ಅರಿವಾಯಿತು. ಚಾಪೆಯ ಮೇಲೆ ಮಂಡಿಯೂರಿ, ಊದಿದ ಆ ಪಾದಗಳ ಹತ್ತಿರ ಕೂತು, ಬಡಬಡನೆ ಹೇಳತೊಡಗಿದಳು. “ಆದ್ರೂ ನೀವು ಹೇಳಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಹೇಳದಿದ್ರೂ ಇನ್ಯಾರನ್ನೋ ಹಿಡಿದು ಹೇಳಿಸ್ತಾರೆ. ನೀವೊಬ್ಬರಾದ್ರೂ ಉಳ್ಕೊಳಿ. ನಂಗೋಸ್ಕರ ಹೇಳಿ.”

“ನಿಂಗೋಸ್ಕರ,” ಅಂದರು ಜಂಬಣ್ಣ. ಅಷ್ಟೇ ಅಂದರು. ಅವಳು ತಲೆ ತಗ್ಗಿಸಿದಳು.

“ಮಾವ, ಹೇಳ್ಬಿಡಿ,” ಅಂದಳು ರಶ್ಮಿ. “ಪಾಪ ನಂದು ಅನ್ಕೊಳಿ.”

ವೀರಮ್ಮ ಲೋಟವನ್ನು ನೆಲಕ್ಕೆ ಕುಕ್ಕಿದರು. “ಯಾರ್ಯಾರೋ ಒತ್ತಿದ್ರೆ ನಮಗೇನ್ರೀ? ಅವರೇನು ನಿಮಗೆ ಹೆಗಲು ಕೊಡಕ್ಕೆ ಬರ್ತಾರಾ? ಇಷ್ಟು ದಿನ ಊರ ಸಂಘ, ಊರ ಬಾವುಟ. ಒಂದು ದಿನ, ಒಂದೇ ಒಂದು ದಿನ ನನಗೋಸ್ಕರ ಸುಳ್ಳು ಹೇಳಕ್ಕಾಗಲ್ವಾ ನಿಮಗೆ? ಈಗ ಹೇಳಿದ್ರಲ್ಲ, ಎಷ್ಟು ಚೆನ್ನಾಗಿ ಹೇಳಿದ್ರಿ!” ಅವರು ಗಂಡನ ಭುಜ ಹಿಡಿದು ಅಲುಗಾಡಿಸಿದರು. ಭುಜದ ಜೊತೆ ಇಡೀ ಮನುಷ್ಯ ಅಲುಗಾಡಿದ.

“ಹೇಳಿದೆ ಕಣೆ,” ಅಂದರು ಜಂಬಣ್ಣ. “ಬದುಕೋ ಆಸೆ. ಹೇಳಿಬಿಟ್ಟೆ.”

ಹೊಸಿಲಾಚೆ ಸೆಲ್ವಿ ಕಾಲು ಬದಲಿಸಿ ನಿಂತಳು. ಮಧುಸೂದನ ಸ್ಟ್ಯಾಂಡಿನ ಮೇಲಿದ್ದ ಫೋನಿನ ಪರದೆ ಒತ್ತಿ, ಕೈಯೆತ್ತಿ, ಮಗುವನ್ನು ರಮಿಸುವ ದನಿ ತೆಗೆದ.

“ರೆಕಾರ್ಡ್ ಆಗ್ತಿದೆ ಯಜಮಾನ್ರೆ. ನಾಲ್ಕೇ ಸಾಲು. ಸಂಜೆ ಗಾಡಿ ಬರುತ್ತೆ. ಹೇಳಿ, ನಾನು ಕನ್ನಡದಲ್ಲಿ...”

ಜಂಬಣ್ಣನವರು ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ಹುಡುಕಿದರು. ಬೆರಳು ಊದಿದ್ದರಿಂದ ಕ್ಲಿಪ್ಪು ಬೇಗ ಬಿಡಲಿಲ್ಲ. ಬಿಡಿಸಿಕೊಂಡು, ವೈರು ಸುತ್ತಿ, ಕೆಳಗೆ ಕೂತಿದ್ದ ಶರಾವತಿಯ ಕೈಯೊಳಗಿಟ್ಟರು.

“ಹೇಳಲ್ಲ,” ಅಂದರು.